ಯಾರಿಗೂ ಗೊತ್ತಿಲ್ಲದ ಯುದ್ಧದ ಆಟ ತರಿಸಿದ್ದೇನೆ, ಆಡೋಕೆ ಜನ ಸಿಗುತ್ತಿಲ್ಲ

ಹೆಕ್ಸ್_ಶೀನ
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಯಾವುದೋ ಆವೇಶದಲ್ಲಿ 'ಆಲ್ ಬ್ರಿಡ್ಜಸ್ ಬರ್ನಿಂಗ್' ತರಿಸಿದೆ. 1918ರ ಫಿನ್ಲೆಂಡ್ ಅಂತರ್ಯುದ್ಧದ ಮೇಲಿನ ಬೋರ್ಡ್ ವಾರ್‌ಗೇಮ್. ಮೂರು ಜನ ಆಡಬೇಕು. ಪೆಟ್ಟಿಗೆ ಬಂದ ದಿನವೇ ಮರದ ತುಂಡುಗಳನ್ನೆಲ್ಲ ಬಣ್ಣದ ಪ್ರಕಾರ ವಿಂಗಡಿಸಿ ಜಿಪ್ ಕವರಿಗೆ ಹಾಕಿಟ್ಟೆ. ಅಲ್ಲಿಗೇ ನಿಂತಿದೆ. ಗೆಳೆಯರನ್ನು ಕರೆದರೆ "ಎರಡನೇ ಮಹಾಯುದ್ಧ ಇದ್ರೆ ಹೇಳೋ, ಬರ್ತೀನಿ" ಅಂತಾರೆ. ಮನೆಯವಳು ಪೆಟ್ಟಿಗೆ ತಿರುಗಿಸಿ ನೋಡಿ, "ಫಿನ್ಲೆಂಡಲ್ಲಿ ಅಣ್ಣತಮ್ಮಂದಿರು ಹೊಡೆದಾಡಿಕೊಂಡ್ರೆ ನಿಮಗೇನ್ರೀ ಬಂತು?" ಅಂದಳು. ಉತ್ತರ ಹೊಳೆಯಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇಂಥ ಅಪರೂಪದ ಯುದ್ಧಗಳ ಆಟವನ್ನು ನೀವು ಚರಿತ್ರೆ ಓದಿಕೊಂಡು ಆಡ್ತೀರಾ, ಇಲ್ಲಾ ಆಡುತ್ತಾ ತಿಳ್ಕೊಳ್ತೀರಾ? ಹೆಸರೇ ಕೇಳದ ಊರುಗಳಿಗಾಗಿ ನಾಲ್ಕು ಗಂಟೆ ಕೂತು ಹೊಡೆದಾಡೋದರಲ್ಲಿ ನಿಜವಾಗಲೂ ಮಜಾ ಇದೆಯಾ?

ದಾಳಕ್ಕೆ_ದಾಸ
ಫಿನ್ಲೆಂಡ್ ಯುದ್ಧ ಗೊತ್ತಿಲ್ಲದೆ ಏನು ಗುರು. ಬಿಳಿ ಬಟ್ಟೆ ಹಾಕ್ಕೊಂಡು ಸ್ಕೀ ಮೇಲೆ ಬಂದು ರಷ್ಯಾದವರನ್ನು ಹೊಡೆದರಲ್ವಾ? ಬೇಕಾದಷ್ಟು ಆಟ ಇವೆ ಅದರ ಮೇಲೆ.

ರೂಲ್‌ಬುಕ್_ರಾಯರು
ದಾಸರೇ, ನೀವು ಹೇಳ್ತಿರೋದು 1939-40ರ ಚಳಿಗಾಲದ ಯುದ್ಧ. ಶೀನ ಹೇಳ್ತಿರೋದು ಅದಕ್ಕೂ 20 ವರ್ಷ ಹಿಂದಿನದು. 1917ರ ಡಿಸೆಂಬರಿನಲ್ಲಿ ಫಿನ್ಲೆಂಡ್ ಸ್ವತಂತ್ರ ಆಯಿತು, ಜನವರಿ ಕೊನೆಗೆ ತಮ್ಮ ತಮ್ಮಲ್ಲೇ ಯುದ್ಧ. ಒಂದು ಕಡೆ ಕಾರ್ಮಿಕರ, ಸಮಾಜವಾದಿಗಳ ಕೆಂಪು ದಳ, ಇನ್ನೊಂದು ಕಡೆ ಸೆನೆಟ್‌ನ, ಅಂದ್ರೆ ಅಲ್ಲಿನ ಸರ್ಕಾರದ ಬಿಳಿ ದಳ. ಮೇ ಮಧ್ಯಕ್ಕೆ ಮುಗಿಯಿತು. ಮೂರೂವರೆ ತಿಂಗಳು ಅಷ್ಟೇ. ದೇಶದ ಜನಸಂಖ್ಯೆ ಸುಮಾರು 30 ಲಕ್ಷ, ಸತ್ತವರು 36 ಸಾವಿರಕ್ಕೂ ಜಾಸ್ತಿ. ಅದರಲ್ಲಿ 12 ಸಾವಿರಕ್ಕೂ ಹೆಚ್ಚು ಜನ ಯುದ್ಧ ಮುಗಿದ ಮೇಲೆ ಸೆರೆ ಶಿಬಿರಗಳಲ್ಲಿ ಹಸಿವು, ಕಾಯಿಲೆಯಿಂದ ಹೋದವರು.

ಆಟದಲ್ಲಿ ಮೂರನೇ ಪಕ್ಷ ಒಂದಿದೆ, ಮಿತವಾದಿಗಳು. ಶೀನ, ನಿಮ್ಮ ಪೆಟ್ಟಿಗೆಯಲ್ಲಿ ಇರೋ ಚಿನ್ನ ಅದೇ. ಅವರು ಬಂದೂಕು ಹಿಡಿಯಲ್ಲ. ಎರಡೂ ಕಡೆಯವರು ಹೊಡೆದಾಡಿ ಸುಸ್ತಾಗೋ ಹೊತ್ತಿಗೆ ಮಾತುಕತೆಗೆ ಸ್ವಲ್ಪ ಜಾಗ ಉಳಿದಿರಬೇಕು, ಅದೇ ಅವರ ಕೆಲಸ.

ದಾಳಕ್ಕೆ_ದಾಸ
ಬಂದೂಕೇ ಇಲ್ಲದ ಪಕ್ಷವನ್ನು ವಾರ್‌ಗೇಮಲ್ಲಿ ಯಾರು ತಗೋತಾರೆ ರಾಯರೇ.

ರೂಲ್‌ಬುಕ್_ರಾಯರು
ನಾನು ತಗೊಂಡೆ. ಗೆದ್ದೆ ಕೂಡ.

ಟಾಂಪೆರೆ_ತಮ್ಮ
ಈ ಚರ್ಚೆ ನೋಡಿ ಖಾತೆ ತೆರೆದೆ! ನಾನು ಹಾಸನದವನು, ಕೆಲಸಕ್ಕೆ ಫಿನ್ಲೆಂಡಿನ ಟಾಂಪೆರೆಗೆ ಬಂದು ನಾಲ್ಕು ವರ್ಷ ಆಯಿತು. ಆ ಯುದ್ಧದ ದೊಡ್ಡ ಕದನ ನಡೆದದ್ದು ಇದೇ ಊರಲ್ಲಿ. ಕೆಂಪು ದಳದ ಕೈಯಲ್ಲಿತ್ತು, 1918ರ ಏಪ್ರಿಲ್ 6ಕ್ಕೆ ಬಿತ್ತು. ಕಾಲೆವಾನ್‌ಕಾಂಗಾಸ್ ಅಂತ ಒಂದು ಸ್ಮಶಾನ ಇದೆ, ಅಲ್ಲೇ ಸಮಾಧಿ ಕಲ್ಲುಗಳ ನಡುವೆ ಕಾದಾಡಿದ್ದಾರೆ. ಈಗ ನೋಡಿದರೆ ಪೈನ್ ಮರ, ಅಳಿಲು, ಜಾಗಿಂಗ್ ಮಾಡೋ ಜನ. ವಾಪ್ರಿಕ್ಕಿ ಮ್ಯೂಸಿಯಂನಲ್ಲಿ ಇದರದ್ದೇ ಪ್ರದರ್ಶನ ಇದೆ, ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ಕರ್ಕೊಂಡು ಹೋಗ್ತೀನಿ.

ಒಂದು ವಿಷಯ ಹೇಳಲೇಬೇಕು. ಇಲ್ಲಿ ಆ ಯುದ್ಧಕ್ಕೆ ಒಂದೇ ಹೆಸರಿಲ್ಲ. ಬಿಳಿ ಕಡೆಯವರು ಸ್ವಾತಂತ್ರ್ಯ ಯುದ್ಧ ಅಂದರು, ದಂಗೆ ಅಂತಲೂ ಕರೆದರು. ಕೆಂಪು ಕಡೆಯವರಿಗೆ ಅದು ವರ್ಗ ಯುದ್ಧ. ನಾನು ಒಮ್ಮೆ ಕಾಫಿ ಕುಡಿಯುವಾಗ ಸಹೋದ್ಯೋಗಿಯನ್ನು "ನಿಮ್ಮ ಮುತ್ತಾತ ಯಾವ ಕಡೆ?" ಅಂತ ಸುಮ್ನೆ ಕೇಳಿಬಿಟ್ಟೆ. ಅವನು ಸಿಟ್ಟಾಗಲಿಲ್ಲ. ಲೋಟ ಕೆಳಗಿಟ್ಟು, ಕಿಟಕಿ ನೋಡಿ, "ಎರಡೂ ಕಡೆ" ಅಂದ. ಆಮೇಲೆ ಮಾತೇ ಇಲ್ಲ. ಶೀನ ಅವರೇ, ಮನೆಯಲ್ಲಿ ಅಕ್ಕ ಕೇಳಿದ "ನಿಮಗೇನು ಬಂತು" ಅನ್ನೋದಕ್ಕೆ ಇದು ಉತ್ತರ ಆಗುತ್ತೋ ಇಲ್ವೋ. ನನಗಂತೂ ಈ ಊರಿನ ಬೀದಿ ಬೇರೆ ಥರ ಕಾಣೋಕೆ ಶುರುವಾಗಿದ್ದು ಅವತ್ತಿನಿಂದ.

ಸುಮ್ನೆ_ಓದುಗ
ಹಾಗಾದರೆ ಅಂಥದ್ದರ ಮೇಲೆ ಆಟ ಆಡೋದು ಸರಿಯಾ? ಶಿಬಿರದಲ್ಲಿ ಹಸಿದು ಸತ್ತವರ ಲೆಕ್ಕ ಓದಿ, ಮುಂದಿನ ಸಾಲಲ್ಲೇ "ಗೆದ್ದೆ ಕೂಡ" ಅಂತ ಓದಿದಾಗ ಒಂಥರಾ ಆಯಿತು. ತಪ್ಪು ತಿಳೀಬೇಡಿ.

ಅಕ್ಕ_ಆಡ್ತಾಳೆ
ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆಯೇ. ನಾನು 'ಗಾಂಧಿ' ಅನ್ನೋ ಆಟ ತಂದಾಗ ಅಪ್ಪ ಎರಡು ದಿನ ಮಾತಾಡಿಸಲಿಲ್ಲ. "ಗಾಂಧಿ ಹೆಸರಲ್ಲಿ ಯುದ್ಧದ ಆಟನಾ?" ಅಂತ. 2019ರಲ್ಲಿ ಬಂದದ್ದು, 1917ರಿಂದ 1947ರವರೆಗಿನ ಕಥೆ. ಬ್ರಿಟಿಷ್ ಸರ್ಕಾರ, ಕಾಂಗ್ರೆಸ್, ಮುಸ್ಲಿಂ ಲೀಗ್, ಕ್ರಾಂತಿಕಾರಿಗಳು, ನಾಲ್ಕು ಪಕ್ಷ. ಆಮೇಲೆ ಅವರೇ ಕುತೂಹಲ ತಡೀಲಾರದೆ ಪಕ್ಕದಲ್ಲಿ ಕುರ್ಚಿ ಎಳ್ಕೊಂಡು ಕೂತರು. ನಾನು ಬ್ರಿಟಿಷರ ಕಡೆ ಆಡ್ತಾ ಇದ್ದೆ. ಪ್ರತಿಭಟನೆ ಮಾಡಿದವರನ್ನು ಜೈಲಿಗೆ ತುಂಬಿದಷ್ಟೂ ನಕ್ಷೆಯಲ್ಲಿ ಅಶಾಂತಿ ಮತ್ತೆಲ್ಲೋ ತಲೆ ಎತ್ತುತ್ತಿತ್ತು. ಅಪ್ಪ "ಇನ್ನೂ ತುಂಬು, ಎಷ್ಟು ತುಂಬ್ತೀಯ ನೋಡೋಣ" ಅಂತ ನಕ್ಕರು. ಬ್ರಿಟಿಷರ ತಲೆನೋವು ಏನು ಅಂತ ನನಗೆ ಶಾಲೆಯ ಪಾಠದಲ್ಲಿ ಗೊತ್ತಾಗಿರಲಿಲ್ಲ, ಅವತ್ತು ಗೊತ್ತಾಯಿತು.

ಸಾವನ್ನು ಬರೀ ಅಂಕ ಮಾಡೋ ಆಟಗಳೂ ಇವೆ, ಅವು ನನಗೂ ಹಿಡಿಸಲ್ಲ.

ರೂಲ್‌ಬುಕ್_ರಾಯರು
ಓದುಗರೇ, "ಗೆದ್ದೆ ಕೂಡ" ಅಂದದ್ದು ದಾಸರ ಬಾಯಿ ಮುಚ್ಚಿಸೋಕೆ. ಆದರೂ ನಿಮ್ಮ ಮಾತು ಒಪ್ಪಿದೆ.

ಎತ್ತಿನಗಾಡಿ
ಶೀನನ ಮೂಲ ಪ್ರಶ್ನೆಗೆ ಬರ್ತೀನಿ. ಮಜಾ ಇದೆ, ಅದೂ ಗೊತ್ತಿಲ್ಲದ ಯುದ್ಧದಲ್ಲೇ ಜಾಸ್ತಿ. ಯಾಕೆ ಅಂದ್ರೆ ಗೊತ್ತಿರೋ ಯುದ್ಧದಲ್ಲಿ ನಮಗೆ ಉತ್ತರ ಮೊದಲೇ ಗೊತ್ತು, ಸ್ಟಾಲಿನ್‌ಗ್ರಾಡ್ ಕಡೆ ಹೋಗಬಾರದು ಅಂತ ಮಗುವಿಗೂ ಗೊತ್ತು. ಗೊತ್ತಿಲ್ಲದ ಯುದ್ಧದಲ್ಲಿ ಅವತ್ತಿನ ದಂಡನಾಯಕನಷ್ಟೇ ನಾವೂ ಪೆದ್ದರು.

ಉದಾಹರಣೆಗೆ 'ನೆವ್ಸ್ಕಿ'. 1240-42, ಟ್ಯೂಟಾನಿಕ್ ನೈಟ್‌ಗಳು ಅನ್ನೋ ಜರ್ಮನ್ ಧರ್ಮಯೋಧರು ಒಂದು ಕಡೆ, ನವ್ಗೊರೊದ್‌ನ ರಷ್ಯನ್ನರು ಇನ್ನೊಂದು ಕಡೆ. ಹೆಸರು ನೋಡಿದರೆ ಹೆಪ್ಪುಗಟ್ಟಿದ ಸರೋವರದ ಮೇಲೆ ರಷ್ಯದ ರಾಜಕುಮಾರ ನೆವ್ಸ್ಕಿ ಗೆದ್ದ ಆ ದೊಡ್ಡ ಕಾಳಗವೇ ಆಟ ಅಂದ್ಕೋತೀರಿ. ನಾನು ಐದಾರು ಸಲ ಆಡಿದ್ದೀನಿ, ಆ ಸರೋವರದ ಹತ್ತಿರ ಒಂದು ಸಲವೂ ಕಾಳಗ ಆಗಿಲ್ಲ. ಆಟ ಪೂರ್ತಿ ಗಾಡಿ, ದವಸ, ಕೆಸರು.

ಒಂದು ಸರದಿ ಹೇಳ್ತೀನಿ ಕೇಳಿ. ದೋರ್ಪಾತ್ ಊರಿನಿಂದ ನನ್ನ ದಂಡನಾಯಕ ಹೆರ್ಮನ್ ಹೊರಟ. 3 ಗಾಡಿ, 6 ದವಸ. ಒಂದು ಗಾಡಿಗೆ ಒಂದೇ ದವಸ ಆದರೆ ಸಲೀಸು. ಎರಡು ಹೇರಿದರೆ ಭಾರ, ಒಂದು ಹೆಜ್ಜೆಗೆ ಎರಡು ಆ್ಯಕ್ಷನ್ ಖರ್ಚು. ನಾನು ಆಸೆಬುರುಕ, ಆರೂ ಹೇರಿದೆ. ತೆವಳಿ ತೆವಳಿ ರಷ್ಯನ್ನರ ಇಜ್ಬೊರ್ಸ್ಕ್ ಕೋಟೆ ಮುಟ್ಟೋ ಹೊತ್ತಿಗೆ ಬೇಸಿಗೆ ಮುಗೀತು. ಚಳಿಗಾಲದಲ್ಲಿ ಗಾಡಿ ನಡೆಯಲ್ಲ, ಹಿಮದ ಜಾರುಗಾಡಿ ಬೇಕು. ನನ್ನ ಹತ್ತಿರ ಒಂದೂ ಇಲ್ಲ. ದವಸ ಎಲ್ಲಾ ಅಲ್ಲೇ, ಮುಂದೆ ಹೋದರೆ ಬಿಟ್ಟು ಹೋಗಬೇಕು, ಕೂತರೆ ಅವನ ಸೇವಾ ಅವಧಿ ಮುಗಿದು ಮನೆಗೆ ಹೋಗ್ತಾನೆ. ಎದುರಿನವನು ಏನೂ ಮಾಡದೆ ಚಹಾ ಕುಡೀತಾ ಕೂತಿದ್ದ. ಒಂದು ಕತ್ತಿ ಬೀಸದೆ ಸೋತೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇಂಥ ಆಟ ಬೇರೆಲ್ಲಿ ಸಿಗುತ್ತೆ ಹೇಳಿ.

ದಾಳಕ್ಕೆ_ದಾಸ
ನಿಮ್ಮದು ವಾರ್‌ಗೇಮ್ ಅಲ್ಲಣ್ಣ, ಎಪಿಎಂಸಿ ಯಾರ್ಡ್.

ಎತ್ತಿನಗಾಡಿ
ಯುದ್ಧ ಅಂದ್ರೆ ಅದೇ ಕಣಪ್ಪ.

ಕರಾವಳಿ_ಕೌಂಟರ್
ಸಾಮಾನು ಸಾಗಿಸೋ ಆಟ ಬೇಕಿದ್ದರೆ 'ದ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ' ಆಡಿ ಮಾರಾಯ್ರೆ. ಎರಡನೇ ಮಹಾಯುದ್ಧದ ಆಟ, ಬಂದದ್ದು 1979ರಲ್ಲಿ. ಹತ್ತು ಜನ ಬೇಕು, ಮುಗಿಸಲಿಕ್ಕೆ ಸಾವಿರ ಗಂಟೆಗೂ ಮೇಲೆ. ಇಟಲಿ ಸೈನಿಕರಿಗೆ ಪಾಸ್ತಾ ಬೇಯಿಸಲಿಕ್ಕೆ ಬೇರೆ ನೀರು ಕೊಡಬೇಕು ಅಂತ ನಿಯಮ ಉಂಟು ಅದರಲ್ಲಿ.

ರೂಲ್‌ಬುಕ್_ರಾಯರು
ಆ ಪಾಸ್ತಾ ನಿಯಮ ತಮಾಷೆಗೆ ಹಾಕಿದ್ದು ಅಂತ ರೂಪಿಸಿದ ರಿಚರ್ಡ್ ಬರ್ಗ್ ಅವರೇ ಹೇಳಿದ್ದಾರೆ. ಜನ ಗಂಭೀರವಾಗಿ ತಗೊಂಡುಬಿಟ್ಟರು.

ಕರಾವಳಿ_ಕೌಂಟರ್
ಸಾವಿರ ಗಂಟೆ ತಮಾಷೆಯೋ ನಿಜವೋ?

ರೂಲ್‌ಬುಕ್_ರಾಯರು
ಅದು ನಿಜ.

ಕಲಬುರ್ಗಿ_ಕಲ್ಲು
ಎಲ್ಲಾರೂ ಫಿನ್ಲೆಂಡ್, ರಷ್ಯಾ ಅನ್ನಾಕತ್ತೀರಿ, ನಮ್ಮ ಊರಿನದೇ ಆಟ ಐತಿ ಅಂತ ಯಾರೂ ಹೇಳವಲ್ಲಿರಿ. 'ವಿಜಯನಗರ: ದ ಡೆಕ್ಕನ್ ಎಂಪೈರ್ಸ್ ಆಫ್ ಮೀಡಿವಲ್ ಇಂಡಿಯಾ, 1290-1398'. 2024ರಲ್ಲಿ ಬಂತು. ಮೂರು ಪಕ್ಷ ಅದಾವ್ರೀ: ದಿಲ್ಲಿ ಸುಲ್ತಾನರು, ಬಹಮನಿ, ವಿಜಯನಗರ. ಒಬ್ಬರೇ ಕೂತೂ ಆಡಬಹುದು. ಬಹಮನಿ ತಗೊಂಡು ಆಡಿದೆ, ಕಲಬುರ್ಗಿ ಕೋಟೆ ಎದುರಿಗೇ ಬೆಳೆದವನು, ಬಿಡೋಕಾಗ್ತದೇನ್ರಿ?

ದಾಳಕ್ಕೆ_ದಾಸ
1290ರಲ್ಲಿ ವಿಜಯನಗರ ಎಲ್ಲಿತ್ತು ಗುರು? ಶಾಲೆಯಲ್ಲಿ 1336 ಅಂತ ಉರು ಹೊಡೆಸಿದಾರೆ. ಬಹಮನಿ 1347. ಇಬ್ಬರೂ ಹುಟ್ಟೋಕೆ ಮುಂಚೆ ಆಟ ಶುರುನಾ? ಈ ಸಲ ಸಿಕ್ಕಿಬಿದ್ರಿ.

ಕಲಬುರ್ಗಿ_ಕಲ್ಲು
ಅದೇ ಅದರ ಚಂದ ನೋಡ್ರೀ. 1290 ಅಂದ್ರ ದಿಲ್ಲಿಯಲ್ಲಿ ಖಿಲ್ಜಿಗಳು ಬಂದ ವರ್ಷ. ಶುರುವಿನಾಗ ನಕ್ಷೆ ಮೇಲೆ ದಿಲ್ಲಿಯವನದೇ ದರ್ಬಾರು, ನಾವಿಬ್ಬರೂ ಸಣ್ಣವರು. ಆದ್ರ ಅವನಿಗೆ ಉತ್ತರದಾಗ ಮಂಗೋಲರ ಕಾಟ. ಅವನು ಆ ಕಡೆ ಹೊಳ್ಳಿದಾಗ ನಾವು ಈ ಕಡೆ ತಲಿ ಎತ್ತಬೇಕು. ತೈಮೂರ 1398ರಾಗ ದಿಲ್ಲಿ ಸುಲಿದನಲ್ರೀ, ಅಲ್ಲಿಗೆ ಮುಗೀತದ. ನಾವು ಯಾವಾಗ್ಲೂ ತಾಳಿಕೋಟೆ ಕಡೆಯಿಂದ ಹಿಂದಕ್ಕ ನೋಡ್ತೀವಿ, ವಿಜಯನಗರ ಬಹಮನಿ ಅಂದ್ರ ಹುಟ್ಟಾ ವೈರಿಗಳು ಅಂತ. ಈ ಆಟದಾಗ ಅರ್ಧ ಹೊತ್ತು ಇಬ್ಬರಿಗೂ ದಿಲ್ಲಿಯವನೇ ತಲಿನೋವು. ವಿಜಯನಗರ ಆಡಿದ ಗೆಳೆಯನೂ ನಾನೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಸುಮ್ಮನಿದ್ವಿ, ಮೊದಲು ದಿಲ್ಲಿಯವನ ಬಲ ಇಳೀಲಿ ಅಂತ. ಅವನು ಇಳಿದ ಮರುಸರದಿಗೇ ಗೆಳೆಯ ನನ್ನ ಮ್ಯಾಲೆ ಬಿದ್ದ. ಆ ನನ್ನ ಮಗ ಹೊಸಪೇಟೆಯವನು ಬ್ಯಾರೆ.

ಅಕ್ಕ_ಆಡ್ತಾಳೆ
ಹ್ಹಹ್ಹ. ಕಲ್ಲು ಅಣ್ಣ, ಈ ಆಟ ಶೀನ ಅವರಿಗೂ ಸರಿ ಹೊಂದುತ್ತೆ. ಆ ಫಿನ್ಲೆಂಡ್ ಆಟದ ಸೋದರಸಂಬಂಧಿನೇ ಇದು, ಇನ್ನೂ ಸರಳ. ಗೆಳೆಯರಿಗೂ ಹೆಸರು ಗೊತ್ತಿರುತ್ತೆ. ಮೊದಲು ಇದರಲ್ಲಿ ಕೈ ಪಳಗಲಿ, ಆಮೇಲೆ ಫಿನ್ಲೆಂಡಿಗೆ ಕರ್ಕೊಂಡು ಹೋಗಿ.

ಹೆಕ್ಸ್_ಶೀನ
ಇನ್ನೊಂದು ಪೆಟ್ಟಿಗೆ ತಂದರೆ ನನ್ನನ್ನೇ ಮನೆಯಿಂದ ಹೊರಗೆ ಹಾಕ್ತಾರೆ ಅಕ್ಕ. ಈ ಒಂದಕ್ಕೇ ಕೊರಿಯರ್‌ನವರು ಸುಂಕ, ಅದರ ಮೇಲೆ ಇನ್ನೇನೋ ಶುಲ್ಕ ಅಂತ ಬಾಗಿಲಲ್ಲೇ ನಿಲ್ಲಿಸಿ ವಸೂಲಿ ಮಾಡಿದರು. ಮೂಲೆಯೊಂದು ಜಜ್ಜಿಹೋಗಿತ್ತು ಬೇರೆ.

ಮಳೆನಾಡ_ಮಾಣಿ
ದುಡ್ಡು ಹಾಕೋ ಮುಂಚೆ ರ್ಯಾಲಿ ದ ಟ್ರೂಪ್ಸ್ ಅನ್ನೋ ವೆಬ್‌ಸೈಟ್ ನೋಡಿ. ಬ್ರೌಸರಲ್ಲೇ ಪುಕ್ಕಟೆ ಆಡಬಹುದು, ನಿಯಮ ತಪ್ಪಿದರೆ ಅದೇ ಬಿಡೋದಿಲ್ಲ. ನೆವ್ಸ್ಕಿ ಇದೆ ಅದರಲ್ಲಿ. ದಿನಕ್ಕೊಂದು ಸರದಿ ಹಾಕಿ ತೋಟಕ್ಕೆ ಹೋಗ್ತೇನೆ, ಸಂಜೆ ಬಂದು ನೋಡಿದರೆ ಎಲ್ಲಿಯದೋ ದೇಶದವನು ನನ್ನ ದವಸ ಸುಟ್ಟಿರ್ತಾನೆ.

ಚಿಕ್ಕ ಆಟದಿಂದ ಶುರು ಮಾಡೋದಾದರೆ 'ದ ಶೋರ್ಸ್ ಆಫ್ ಟ್ರಿಪೋಲಿ'. 1801ರಿಂದ 1805, ಅಮೆರಿಕದ ಪುಟ್ಟ ನೌಕಾಪಡೆ ಟ್ರಿಪೋಲಿಯ ಕಡಲ್ಗಳ್ಳರ ಮೇಲೆ ಹೋದ ಯುದ್ಧ. ಇಬ್ಬರಿಗೆ, ಒಂದು ಗಂಟೆ. ನನ್ನ ಹೆಂಡತಿ ಟ್ರಿಪೋಲಿ ಕಡೆ ಆಡಿ ವ್ಯಾಪಾರದ ಹಡಗು ದೋಚಿ ದೋಚಿ ಗೆದ್ದಳು. ಈಗ ಅವಳೇ ಕೇಳ್ತಾಳೆ ಇವತ್ತು ಹಾಕೋಣ್ವಾ ಅಂತ.

ಎತ್ತಿನಗಾಡಿ
ನನಗೊಂದು ಕೊರಗು. ಮೈಸೂರು ಯುದ್ಧಗಳ ಮೇಲೆ ನೆವ್ಸ್ಕಿ ಥರದ್ದು ಯಾಕೆ ಬಂದಿಲ್ಲ? 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ತನಕ ಬಂದು ಎತ್ತು ಸತ್ತು ವಾಪಸ್ ಹೋದನಲ್ಲ, ಅದೇ ಒಂದು ಆಟ.

ರೂಲ್‌ಬುಕ್_ರಾಯರು
ವಾಪಸ್ ಹೋದದ್ದು 1791ರ ಮೇ ತಿಂಗಳ ಕೊನೆಗೆ. 1792 ಅಂದ್ರೆ ಅವನು ಮತ್ತೆ ಬಂದು ಒಪ್ಪಂದ ಮಾಡಿಸಿದ ವರ್ಷ. ಮಾರ್ಚ್ 1791ಕ್ಕೆ ಬೆಂಗಳೂರು ಕೋಟೆ ಹಿಡಿದ. ಮೇ ಮಧ್ಯದಲ್ಲಿ ಅರಕೆರೆ ಹತ್ತಿರ ಟಿಪ್ಪುವಿನ ಸೈನ್ಯವನ್ನೂ ಹಿಂದಕ್ಕಟ್ಟಿದ. ಆದರೆ ಮಳೆ ಹಿಡೀತು, ಮೇವಿಲ್ಲ, ಎತ್ತುಗಳು ಸಾಲುಸಾಲಾಗಿ ಸತ್ತವು. ದೊಡ್ಡ ತೋಪುಗಳನ್ನು ಎಳೆಯೋರಿಲ್ಲದೆ ತಾನೇ ಒಡೆದು ಹಾಕಿ ಹೊರಟ. ತಮಾಷೆ ಏನಂದ್ರೆ, ಹೊರಟ ಬೆನ್ನಿಗೇ ಮೇಲುಕೋಟೆ ಕಡೆ ಬ್ರಿಟಿಷರ ಮಿತ್ರರಾದ ಮರಾಠರ ಸೈನ್ಯ ಎದುರಾಯಿತು, ಪರಶುರಾಮ ಭಾವು, ಹರಿಪಂತ ಇಬ್ಬರೂ. ಅವರ ಬಿಡಾರದ ಬಜಾರಿನಲ್ಲಿ ದವಸ ಬೇಕಾದಷ್ಟಿತ್ತು. ಬ್ರಿಟಿಷರು ದುಬಾರಿ ಬೆಲೆ ತೆತ್ತು ಕೊಂಡು ತಿಂದರು.

ದಾಳಕ್ಕೆ_ದಾಸ
ಮತ್ತೆ ಎಪಿಎಂಸಿ.

ಎತ್ತಿನಗಾಡಿ
ವರ್ಷ ತಪ್ಪಿದೆ, ಒಪ್ಪಿದೆ ರಾಯರೇ. ಆದರೆ ಯೋಚಿಸಿ. ಒಂದು ಕಡೆ ಅಮೃತಮಹಲ್ ಎತ್ತುಗಳು. ಒಡೆಯರ ಕಾಲದ ಬೆಣ್ಣೆ ಚಾವಡಿ ಅನ್ನೋ ಜಾನುವಾರು ಇಲಾಖೆಗೆ ಟಿಪ್ಪು ಕೊಟ್ಟ ಹೆಸರು ಅದು. ಅದೇ ಎತ್ತುಗಳ ಬಲದಿಂದ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದ ಅಂತ ಹಳೇ ಗೆಜೆಟಿಯರ್‌ಗಳಲ್ಲಿ ಬರೆದಿದ್ದಾರೆ. ಇನ್ನೊಂದು ಕಡೆ ಬ್ರಿಟಿಷರು, ದವಸ ಸಾಗಿಸೋಕೆ ಲಂಬಾಣಿಗಳ ಎತ್ತಿನ ಹಿಂಡು ನಂಬಿಕೊಂಡವರು. ನನಗೆ ಕೌಂಟರ್, ಅಂದ್ರೆ ಆಟದ ಬಿಲ್ಲೆಯ ಚಿತ್ರ ಕೂಡ ಕಣ್ಣಿಗೆ ಕಟ್ಟಿದೆ, ಉದ್ದ ಕೊಂಬಿನ ಬೂದು ಎತ್ತು.

ರೂಲ್‌ಬುಕ್_ರಾಯರು
ನೆವ್ಸ್ಕಿಯ ಚೌಕಟ್ಟು ಹಾಗೇ ಹೊಂದಲ್ಲ ಗಾಡಿಯವರೇ. ಅಲ್ಲಿ ಆಟ ನಿಂತಿರೋದೇ ಪಾಳೆಯಗಾರರು ಕೆಲವು ದಿನದ ಸೇವೆ ಮುಗಿಸಿ ಮನೆಗೆ ಹೋಗ್ತಾರೆ ಅನ್ನೋದರ ಮೇಲೆ, ಒಂದು ಸರದಿ ಅಂದ್ರೆ 40 ದಿನ. ಟಿಪ್ಪುವಿನದು ಸಂಬಳದ ಖಾಯಂ ಸೈನ್ಯ. ಅವರು ಮನೆಗೆ ಹೋಗಲ್ಲ.

ಎತ್ತಿನಗಾಡಿ
ಟಿಪ್ಪು ಕಡೆ ಬಿಡಿ. ಮರಾಠರು, ನಿಜಾಮನ ಸೈನ್ಯ? ಬರ್ತೀವಿ ಅಂತ ಹೇಳಿ ಬಾರದವರು, ಬಂದರೂ ತಮಗೆ ಬೇಕಾದಾಗ ಹೊರಡೋರು. ಕಾರ್ನ್‌ವಾಲಿಸ್ ಆಡೋನಿಗೆ ಅದೇ ತಲೆನೋವು.

ರೂಲ್‌ಬುಕ್_ರಾಯರು
ಹೂಂ. ಅದು ಹೊಂದುತ್ತೆ. ಎರಡೂ ಕಡೆಗೆ ಬೇರೆ ಬೇರೆ ನಿಯಮ ಮಾಡಬೇಕಾಗುತ್ತೆ.

ಹುಲಿ_ಕುರಿ
ಎರಡೂ ಕಡೆಗೆ ಬೇರೆ ನಿಯಮ ಅಂತ ನೀವೆಲ್ಲ ಅಮೆರಿಕದಿಂದ ಪೆಟ್ಟಿಗೆ ತರಿಸ್ತೀರಿ. ನಮ್ಮಜ್ಜಿ ಹುಣಸೆ ಬೀಜ ಇಟ್ಕೊಂಡು ಅದನ್ನೇ ಆಡಿಸ್ತಿದ್ದರು. ಮೂರು ಹುಲಿ, 15 ಕುರಿ. ಹುಲಿ ಹಾರಿ ತಿನ್ನುತ್ತೆ. ಕುರಿಗೆ ಹೊಡೆಯೋ ಶಕ್ತಿಯೇ ಇಲ್ಲ, ಸುತ್ತುವರಿದು ಕಟ್ಟಿಹಾಕೋದು ಮಾತ್ರ. ರಾಯರ ಮಿತವಾದಿಗಳಿಗಿಂತ ಮುಂಚಿನದು. ಹಳೇ ದೇವಸ್ಥಾನದ ಕಲ್ಲುಹಾಸಿನ ಮೇಲೆ ಈ ಮನೆ ಕೆತ್ತಿರೋದು ನೋಡಿಲ್ವಾ?

ಸುಮ್ನೆ_ಓದುಗ
ಇದೊಂದು ನನಗೆ ಅರ್ಥ ಆಯಿತು. ಅಜ್ಜಿ ಯಾವ ಕಡೆ ಆಡ್ತಿದ್ದರು?

ಹುಲಿ_ಕುರಿ
ಯಾವಾಗಲೂ ಕುರಿ. ನಮಗೆ ಹುಲಿ ಕೊಟ್ಟು ಖುಷಿಪಡಿಸಿ ಕಟ್ಟಿಹಾಕೋರು.

ಮಳೆನಾಡ_ಮಾಣಿ
ವಿಷಯಾಂತರ, ಕ್ಷಮಿಸಿ. ರಟ್ಟಿನ ಕೌಂಟರ್‌ಗಳ ಮೂಲೆ ಕತ್ತರಿಸೋಕೆ ಏನು ಬಳಸ್ತೀರಿ? ನಾನು ನೇಲ್ ಕಟರ್ ಬಳಸಿ ಒಂದು ಇಡೀ ಸೇನಾಪಡೆಯನ್ನು ವಕ್ರ ಮಾಡಿದೆ.

ಕರಾವಳಿ_ಕೌಂಟರ್
ನೇಲ್ ಕಟರೇ ಒಳ್ಳೇದು, ದೊಡ್ಡದು ತಗೊಳ್ಳಿ, ಕಾಲುಗುರಿನದ್ದು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಶತ್ರು ಫ್ಯಾನ್ ಮಾರಾಯ್ರೆ. ಮೇ ತಿಂಗಳ ಸೆಕೆಗೆ ತಡೀಲಿಕ್ಕೆ ಆಗದೆ ಅಣ್ಣ ಬಂದು ಸ್ವಿಚ್ ಹಾಕಿದ್ದು, ನನ್ನ ಇಡೀ ಬಲಪಾರ್ಶ್ವ ಸೋಫಾದ ಅಡಿಗೆ ಹೋಯಿತು. ಒಂದು ಕುದುರೆ ಪಡೆ ಇವತ್ತಿಗೂ ಸಿಕ್ಕಿಲ್ಲ.

ಅಕ್ಕ_ಆಡ್ತಾಳೆ
ಬೋರ್ಡ್ ಬರೆಯೋ ಅಂಗಡಿಯಲ್ಲಿ ಅಕ್ರಿಲಿಕ್ ಶೀಟ್ ಅಳತೆಗೆ ಕತ್ತರಿಸಿ ಕೊಡ್ತಾರೆ. ನಕ್ಷೆ ಮೇಲೆ ಹಾಸಿದರೆ ಮಡಿಕೆ ಎಲ್ಲಾ ಚಪ್ಪಟೆ. ಫ್ಯಾನಿಗೆ ಮಾತ್ರ ಅದೂ ಪರಿಹಾರ ಅಲ್ಲ. ಶೀನ ಅವರದು ಮರದ ತುಂಡು, ಹಾರಲ್ಲ.

ಹೆಕ್ಸ್_ಶೀನ
ವರದಿ ಒಪ್ಪಿಸ್ತಿದ್ದೇನೆ. ಭಾನುವಾರ ಆಡಿದೆವು! ನನ್ನ ತಮ್ಮ ಕೆಂಪು ದಳ, ನಾನು ಸೆನೆಟ್. ಗೆಳೆಯ ಕೊನೇ ಗಳಿಗೆಯಲ್ಲಿ ಕೈಕೊಟ್ಟ. ಮೂರನೆಯವರಿಲ್ಲ ಅಂತ ಪೆಟ್ಟಿಗೆ ಮುಚ್ಚೋಕೆ ಹೊರಟಾಗ ಮನೆಯವಳು "ಆ ಜಗಳ ಆಡದೇ ಇರೋರು ಯಾರೋ ಇದ್ದರಲ್ಲ, ಅದು ಕೊಡಿ" ಅಂದಳು. ಟಾಂಪೆರೆ ತಮ್ಮನ ಕಾಫಿ ಕಥೆ ಅವಳಿಗೆ ಓದಿ ಹೇಳಿದ್ದೆ.

ಓದಿದ್ದು ರಾಯರು ಬರೆದ ಒಂದು ಪ್ಯಾರಾ, ಅಷ್ಟೇ. ನಿಯಮ ಹೇಳೋಕೇ ಒಂದೂವರೆ ಗಂಟೆ ಹೋಯಿತು. ಎರಡು ಸಲ ತಪ್ಪು ಆಡಿ ಹಿಂದಕ್ಕೆ ತಗೊಂಡೆವು. ನಾನೂ ತಮ್ಮನೂ ಟಾಂಪೆರೆಗಾಗಿ ಗುದ್ದಾಡ್ತಾ ಇದ್ದೆವು, ಅವಳು ಮೂಲೆಯಲ್ಲಿ ಏನೋ ಸಣ್ಣಪುಟ್ಟ ಜೋಡಿಸ್ತಾ ಇದ್ದಳು, ನಾವು ಗಮನಿಸಲಿಲ್ಲ. ಊಟದ ಹೊತ್ತಿಗೆ ಮುಗಿಸಲಾಗದೆ ಹಾಗೇ ಬಿಟ್ಟಿದ್ದೇವೆ, ಡೈನಿಂಗ್ ಟೇಬಲ್ ಮೇಲೆ. ಮೂರು ದಿನದಿಂದ ನೆಲದ ಮೇಲೆ ಕೂತು ಊಟ. ಲೆಕ್ಕ ಹಾಕಿ ನೋಡಿದರೆ ಅವಳೇ ಮುಂದಿದ್ದಾಳೆ.

ರೂಲ್‌ಬುಕ್_ರಾಯರು
ದಾಸರೇ, ಓದಿದ್ರಾ?

ದಾಳಕ್ಕೆ_ದಾಸ
ಓದಿದೆ ಓದಿದೆ. ಶೀನಣ್ಣ, ಮುಂದಿನ ಭಾನುವಾರ ನಾನು ಬರ್ತೀನಿ. ಮಿತವಾದಿ ಮಾತ್ರ ಅತ್ತಿಗೆಗೇ ಇರಲಿ, ನನಗೆ ಬಂದೂಕು ಇರೋದು ಕೊಡಿ.